ನೂಲವ್ವನ ಬದು

ಒಂದಾನೊಂದು ಮುಂದಿನ ಕಾಲದಲ್ಲಿ, ಇನ್ನೂ ಯಾರೂ ಹೋಗಿ ನೋಡಿಬಂದಿಲ್ಲದ ಕಾಲದಲ್ಲಿ, ಮುತ್ತುಗದಪಾಳ್ಯ ಅಂತ ಒಂದು ಊರು. ಆ ಊರಿನ ನೆಲದ ಕೆಳಗೆ ಒಬ್ಬ ಮುದುಕಿ ಕೂತು ಹಗಲಿಲ್ಲ ಇರುಳಿಲ್ಲ ನೂಲು ತೆಗೆಯುತ್ತಿದ್ದಳು. ಅವಳ ನೂಲು ಕೂದಲಿಗಿಂತ ಸಣ್ಣ, ಹಾಲಿಗಿಂತ ಬಿಳಿ. ಅದರ ಒಂದು ತುದಿಯನ್ನು ತೊಗರಿಯ ಬೇರಿಗೆ ಕಟ್ಟುವಳು, ಇನ್ನೊಂದು ತುದಿಯನ್ನು ರಾಗಿಯ ಬೇರಿಗೆ. ತೊಗರಿಗೆ ಉದ್ದ ಕಾಲು. ಪಾತಾಳಕ್ಕೆ ಇಳಿದು ತಣ್ಣನೆ ನೀರು ಮುಟ್ಟಿ ಬರುತ್ತದೆ. ರಾಗಿಗೆ ಗಿಡ್ಡ ಕಾಲು. ಮೇಲಿನ ಮಣ್ಣು ಒಣಗಿತೋ, ಅದರ ಬಾಯೂ ಒಣಗಿತು. ಕತ್ತಲಾಯಿತೆಂದರೆ ತೊಗರಿ ತಾನು ಕುಡಿದು ಮಿಕ್ಕ ನೀರನ್ನು ನೂಲಿಗೆ ಬಿಡುತ್ತಿತ್ತು, ನೂಲು ಅದನ್ನು ಒಯ್ದು ರಾಗಿಯ ಬಾಯಿಗೆ ಮುಟ್ಟಿಸುತ್ತಿತ್ತು. ಇದು ಯಾರ ಹೊಲ, ಅದು ಯಾರ ಹೊಲ ಅಂತ ಮುದುಕಿ ಕೇಳಿದವಳಲ್ಲ. ಅವಳಿಗೆ ಕಣ್ಣಿರಲಿಲ್ಲ. ಎಲ್ಲಿ ಬಾಯಾರಿದೆ ಅನ್ನುವುದಷ್ಟೇ ಅವಳ ಬೆರಳಿಗೆ ತಿಳಿಯುತ್ತಿತ್ತು.

ಊರಿನ ಮಕ್ಕಳಿಗೆ ಹೇಳುತ್ತಿದ್ದ ಕಥೆ ಇದು. ದೊಡ್ಡವರಿಗೆ ಇದನ್ನೇ ಬೇರೆ ಮಾತಲ್ಲಿ ಹೇಳಿದವಳು ಡಾಕ್ಟರ್ ಅನ್ನಪೂರ್ಣ ಹೂಗಾರ. ಗದಗದ ಕಡೆಯ ಹುಡುಗಿ, ಮಣ್ಣಿನ ವಿಜ್ಞಾನಿ. ಊರ ಹಾಲಿನ ಡೈರಿಯ ಮಹಡಿ ಮೇಲೆ ಅವಳ ಪ್ರಯೋಗಶಾಲೆ. ಬೇರಿಗೆ ಬೇರು ಹೆಣೆಯುವ ಶಿಲೀಂಧ್ರ ಮಣ್ಣಿನಲ್ಲಿ ಮೊದಲಿಂದಲೂ ಇತ್ತು; ಆದರೆ ಒಂದೆರಡು ಹನಿ ಹೊರುವಷ್ಟು ಮಾತ್ರ ಗಟ್ಟಿಯಾಗಿತ್ತು. ಅನ್ನಪೂರ್ಣಳ ಗುಂಪಿನವರು ಅದನ್ನು ಗಾಜಿನ ಬಟ್ಟಲುಗಳಲ್ಲಿ ಸಾಕಿ ಸಾಕಿ, ಹೊಲದಿಂದ ಹೊಲಕ್ಕೆ ನೀರು ದಾಟಿಸುವಷ್ಟು ಬಲ ಮಾಡಿದ್ದರು. ಅದಕ್ಕೊಂದು ಮಾರುದ್ದದ ಹೆಸರಿತ್ತು. ಊರಿನವರು ಒಮ್ಮೆ ಕೇಳಿ ನಕ್ಕು, ನೂಲವ್ವ ಅಂತ ಕರೆದು ಮುಗಿಸಿದರು.

ನೂಲವ್ವನಿಗೆ ಎರಡೇ ಕಟ್ಟಳೆ. ತೊಗರಿಯ ಸಾಲನ್ನು ವರ್ಷ ವರ್ಷ ಕೀಳದೆ ಮರವಾಗಲು ಬಿಡಬೇಕು. ಹೊಲದ ನಡುವಿನ ಬದುಗಳ ಹುಲ್ಲು ಕೆತ್ತಬಾರದು. "ನೂಲಿಗೆ ಜೀವಂತ ಬೇರು ಬೇಕ್ರಿ," ಅಂತ ಅನ್ನಪೂರ್ಣ ಅಂಗೈ ಬಿಚ್ಚಿ ತೋರಿಸಿದ್ದಳು. "ಬರೇ ಮಣ್ಣಾಗ ಒಂದು ಗೇಣು ದಾಟೂದ್ರಾಗ ಸತ್ತು ಹೋಗತೈತಿ. ಬದುವಿನ ಗರಿಕಿನ ಅದಕ್ಕ ಸೇತುವಿ."

ಮೊದಲನೆಯ ಕಟ್ಟಳೆ ಯಾರಿಗೂ ಕಷ್ಟವಾಗಲಿಲ್ಲ. ಎರಡನೆಯದು ಹಂಸವೇಣಿಗೆ ಕಷ್ಟವಾಯಿತು.

ಆ ಸೀಮೆಯಲ್ಲಿ ಒಕ್ಕಲುತನ ಎಂಥದು ಅಂತ ತಿಳಿಯಲು ಯಾರೂ ಬೆಳೆ ನೋಡುತ್ತಿರಲಿಲ್ಲ, ಬದು ನೋಡುತ್ತಿದ್ದರು. ಗೌರಿಹಬ್ಬದ ಮುಂಚೆ ಬದುವಿನ ಎರಡೂ ಮೈ ಕೆತ್ತಿ, ಬೋಳಿಸಿದ ತಲೆಯ ಹಾಗೆ ನುಣ್ಣಗೆ ಮಾಡಿದವಳು ಗಟ್ಟಿಗಿತ್ತಿ. ಹುಲ್ಲು ಬಿಟ್ಟವಳು ಸೋಂಬೇರಿ. ಹಂಸವೇಣಿ ಈ ಮನೆಗೆ ಹಿರಿ ಸೊಸೆಯಾಗಿ ಬಂದ ವರ್ಷ ಅವಳ ಅತ್ತೆ ಸ್ಪಂದನಮ್ಮ ಬದುವಿನ ಮೇಲೆ ನಿಂತು, "ನನ್ನ ಸೊಸೆ ಕೆತ್ತಿದ ಬದುವಿನ ಮೇಲೆ ಇರುವೆ ಜಾರ್ತದೆ," ಅಂತ ಊರಿಗೆಲ್ಲ ಕೇಳುವಂತೆ ಹೇಳಿದ್ದಳು. ಆ ಮಾತನ್ನು ಹಂಸವೇಣಿ ಒಡವೆಯ ಹಾಗೆ ಎತ್ತಿಟ್ಟುಕೊಂಡಿದ್ದಳು.

ಅಣ್ಣತಮ್ಮಂದಿರು ಪಾಲಾದಾಗ ಚೀಟಿ ಎತ್ತಿದರು. ಹಂಸವೇಣಿಗೆ ಬಂದದ್ದು ಆಳದ ಕೆಮ್ಮಣ್ಣು. ಕಿರಿ ಸೊಸೆ ಲಿಖಿತಳಿಗೆ ಬಂದದ್ದು ಅದರ ಪಕ್ಕದ್ದೇ, ಆದರೆ ಮೊಣಕಾಲುದ್ದ ಅಗೆದರೆ ಬಂಡೆ ಠಣ್ ಅನ್ನುವ ಗರಸು ನೆಲ. ಅಲ್ಲಿಂದ ವರ್ಷ ವರ್ಷವೂ ಮಳೆ ಕೈಕೊಟ್ಟಾಗ ಲಿಖಿತಳ ರಾಗಿ ಗಿಡ್ಡವಾಗುತ್ತಿತ್ತು, ಅವಳ ಕಣಜ ಬೇಗ ಬರಿದಾಗುತ್ತಿತ್ತು, ಅವಳು ಹಂಸವೇಣಿಯ ಬಾಗಿಲಿಗೆ ಬರುತ್ತಿದ್ದಳು. ಹಂಸವೇಣಿ ಇಲ್ಲ ಅಂದವಳಲ್ಲ. ಸೇರು ತುಂಬ ಅಳೆದು, ಮೇಲೊಂದು ಹಿಡಿ ಹಾಕಿ ಕೊಡುವಳು. ಆಮೇಲೆ ನಲ್ಲಿಕಟ್ಟೆಯ ಹತ್ತಿರ, "ಪಾಪ, ಅವ್ಳಾದ್ರೂ ಏನ್ ಮಾಡ್ತಾಳೆ ಬಿಡಿ," ಅನ್ನುವಳು. ಆ 'ಪಾಪ' ಬಾಯಲ್ಲಿ ಬೆಲ್ಲದ ಹಾಗೆ ಕರಗುತ್ತಿತ್ತು.

ನೂಲವ್ವ ಬಂದ ಮೇಲೆ ಲಿಖಿತ ಬಾಗಿಲಿಗೆ ಬರುವುದು ನಿಂತಿತು.

ಮೊದಲ ವರ್ಷ ಹಂಸವೇಣಿ ಅದನ್ನು ಗಮನಿಸಿಯೂ ಗಮನಿಸದಂತೆ ಇದ್ದಳು. ಎರಡನೆಯ ವರ್ಷ ಲಿಖಿತಳ ಬಂಡೆಯ ಮೇಲಿನ ರಾಗಿ ಸೊಂಟದೆತ್ತರ ಬಂತು. ಮೂರನೆಯ ವರ್ಷ ಬದುವಿನ ಆಚೆ ಯಾವುದು, ಈಚೆ ಯಾವುದು ಅಂತ ದೂರದಿಂದ ಹೇಳಲಾಗದ ಹಾಗೆ ಎರಡೂ ಹೊಲ ಒಂದೇ ಹಸಿರಾದವು. ತನ್ನದು ಕಡಿಮೆಯಾಗಿದ್ದರೆ ಹಂಸವೇಣಿಗೆ ಇಷ್ಟು ನೋಯುತ್ತಿರಲಿಲ್ಲವೇನೋ. ಕಡಿಮೆಯಾಗಿದ್ದರೆ ಗೊಣಗಬಹುದಿತ್ತು, ಯಾರಾದರೂ ಸಮಾಧಾನ ಹೇಳುತ್ತಿದ್ದರು. ಸರಿಸಮ ಆಗುವುದಕ್ಕೆ ಯಾರೂ ಸಮಾಧಾನ ಹೇಳುವುದಿಲ್ಲ.

ಅತ್ತೆ ಸ್ಪಂದನಮ್ಮ ಒಂದು ಪಕ್ಷ ಇಲ್ಲಿ, ಒಂದು ಪಕ್ಷ ಅಲ್ಲಿ ಇರುವವಳು. ಅಮಾವಾಸ್ಯೆಯ ಮಾರನೆ ದಿನ ಕಿರಿ ಸೊಸೆಯ ಮನೆಯಿಂದ ಗಂಟು ಹಿಡಿದು ಬಂದವಳು, ಕೂರುವ ಮುಂಚೆಯೇ ಶುರು ಮಾಡಿದಳು.

"ಲಿಕಿತನ ಮನೆ ಮುದ್ದೆ ಈ ಸಲ ನೋಡ್ಬೇಕಿತ್ತು ಕಣಮ್ಮಿ. ಮುರಿದ್ರೆ ಬೆಣ್ಣೆ."

"ನಮ್ಮನೆ ಮುದ್ದೆ ಏನ್ ಕಲ್ಲಾ ಅತ್ತೆ?"

"ಕಲ್ಲು ಅಂದ್ನಾ ನಾನು? ಅದು ಚೆನ್ನಾಗೈತೆ ಅಂದೆ."

"ನನ್ ಮುಂದೆ ಯಾಕಂದ್ರಿ ಮತ್ತೆ?"

"ನಿನ್ ಮುಂದೆ ಅನ್ನದೆ ಎಮ್ಮೆ ಮುಂದೆ ಅನ್ಲಾ? ನೀರು ಕೊಡು, ಗಂಟ್ಲು ಒಣಗೈತೆ."

ಹಂಸವೇಣಿ ಚೊಂಬನ್ನು ಅತ್ತೆಯ ಮುಂದೆ ಟಣ್ಣನೆ ಇಟ್ಟಳು.

ಆ ವಾರವೇ ಮಲಾವಿ ಅನ್ನುವ ದೇಶದಿಂದ ತೊಗರಿ ಬೆಳೆಯುವ ಹೆಂಗಸರ ಒಂದು ತಂಡ ನೂಲವ್ವನನ್ನು ನೋಡಲು ಬಂತು. ಅವರಿಗೂ ಇಷ್ಟಿಷ್ಟೇ ಹೊಲ, ಅವರಿಗೂ ನಂಬಲಾಗದ ಮಳೆ. ಕಿವಿಗೆ ಸಿಕ್ಕಿಸಿಕೊಂಡ ಗುಂಡಿಯಂಥ ಯಂತ್ರ ಅವರ ಮಾತನ್ನು ಇವರಿಗೆ, ಇವರದನ್ನು ಅವರಿಗೆ ತಿರುಗಿಸಿ ಹೇಳುತ್ತಿತ್ತು. ಅನ್ನಪೂರ್ಣ ಅವರನ್ನು ನೇರ ಲಿಖಿತಳ ಹೊಲಕ್ಕೆ ಕರೆದುಕೊಂಡು ಹೋದಳು. ಅಲ್ಲೇ ತಾನೆ ಅಚ್ಚರಿ ಇದ್ದದ್ದು, ಬಂಡೆಯ ಮೇಲೆ.

ಬದುವಿನ ಈಚೆ ಹಂಸವೇಣಿ ಬಗ್ಗಿ, ನಿನ್ನೆಯಷ್ಟೇ ಕಳೆ ತೆಗೆದ ಸಾಲಿನಲ್ಲಿ ಮತ್ತೆ ಕಳೆ ಹುಡುಕುತ್ತಿದ್ದಳು. ಕಿವಿಯೆಲ್ಲ ಆಚೆಗೆ.

ತಂಡದ ಹಿರಿಯಳು ಚಿಸೊಮೊ ಎಂಬವಳು ನೆಲಕ್ಕೆ ಕೂತು, ಬೆರಳಿನಿಂದ ಮಣ್ಣು ಕೆದಕಿ, ಬಂಡೆ ತಾಕಿದ ಕೂಡಲೇ ಕೈ ತೆಗೆದು ಜೋರಾಗಿ ನಕ್ಕಳು. "ಕಲ್ಲು! ನಮ್ಮೂರಲ್ಲಿ ಇಂಥ ಕಡೆ ಆಡು ಕೂಡ ನಿಲ್ಲಲ್ಲ. ಹೇಗೆ ಬೆಳೆದೆ ತಂಗಿ?"

ಲಿಖಿತ ಕನಕಾಂಬರದ ದಂಡೆಯನ್ನು ಅವಳ ತಲೆಗೆ ಸಿಕ್ಕಿಸುತ್ತಾ ಹೇಳಿದಳು: "ಎಲ್ಲಾ ನೂಲವ್ವನ ಕರುಣೆ. ಮತ್ತೆ ನಮ್ಮ ಡಾಕ್ಟ್ರಕ್ಕನ ಕೆಲ್ಸ."

ಅಷ್ಟೇ. ಚಿಸೊಮೊ ಬದುವಿನ ಕಡೆ ತಿರುಗಿ, ಬಗ್ಗಿದ್ದ ಹಂಸವೇಣಿಗೆ ಕೈ ಬೀಸಿದಳು. ಹಂಸವೇಣಿ ನೋಡದವಳಂತೆ ಒಂದು ಒಳ್ಳೆಯ ರಾಗಿ ಪೈರನ್ನೇ ಕಿತ್ತು ಎಸೆದಳು.

ಮಾರನೆ ಬೆಳಿಗ್ಗೆ ಡೈರಿಗೆ ಹಾಲು ಹಾಕಿದವಳು, ಯಾವತ್ತೂ ಹತ್ತದ ಮಹಡಿ ಮೆಟ್ಟಿಲು ಹತ್ತಿದಳು. ಮೇಲಿನ ಕೋಣೆಯಲ್ಲಿ ಹಸಿ ಮಣ್ಣಿನ, ಅಣಬೆಯ ವಾಸನೆ. ಕಪಾಟಿನ ತುಂಬ ಗಾಜಿನ ಬಟ್ಟಲು, ಅವುಗಳಲ್ಲಿ ಹತ್ತಿ ಹಿಂಜಿಟ್ಟಂತೆ ನೂಲವ್ವನ ಮರಿಗಳು. ಒಂದು ಗೋಡೆಯ ತುಂಬ ಊರಿನ ಹೊಲಗಳ ನಕ್ಷೆ ಬೆಳಗುತ್ತಿತ್ತು. ಹೊಲ ಹೊಲದಲ್ಲಿ ಹೂತಿಟ್ಟ ಮೊಳೆಗಳು ರಾತ್ರಿಯಿಡೀ ಮಣ್ಣಿನ ತೇವ ಅಳೆದು ಕಳಿಸುತ್ತವೆ. ಬೆಳಿಗ್ಗೆ ಅನ್ನಪೂರ್ಣ ಹಿಂದಿನ ರಾತ್ರಿಯನ್ನು ಬೇಗ ಬೇಗ ಓಡಿಸಿ ನೋಡುತ್ತಾಳೆ.

"ಬರ್ರಿ ಅಕ್ಕಾರ! ಅಂತೂ ಬಂದ್ರಿ. ಚಾ ಕುಡೀತೀರಿ?"

"ಬ್ಯಾಡ. ನಮ್ಮ ಹೊಲ ಯಾವ್ದು ತೋರ್ಸು."

ಅನ್ನಪೂರ್ಣ ಬೆರಳಿಟ್ಟಳು. ನಕ್ಷೆಯ ರಾತ್ರಿ ಶುರುವಾಯಿತು. ಹಂಸವೇಣಿಯ ತೊಗರಿ ಸಾಲಿನಿಂದ ನೀಲಿ ಎಳೆಗಳು ಮೊಳೆತು ಅವಳ ರಾಗಿಗೆಲ್ಲ ಹರಡಿದವು. ಹರಡಿ ನಿಲ್ಲಲಿಲ್ಲ. ಬದು ದಾಟಿದವು. ಲಿಖಿತಳ ಹೊಲದ ಒಳಕ್ಕೆ, ಮೂಲೆ ಮೂಲೆಗೆ ಬೆರಳು ಚಾಚಿದಂತೆ ಹೋದವು.

"ಇದೇನು, ನಮ್ಮಿಂದ ಅವ್ಳ ಕಡೆಗೆ?"

"ಹೌದ್ರಿ!" ಅನ್ನಪೂರ್ಣಳ ಮುಖ ಅರಳಿತು. ಇವಳಿಗೆ ಹೆಮ್ಮೆಯಾದೀತು ಅಂತಲೇ ಅವಳು ತಿಳಿದಿದ್ದಳು. "ಆ ಬಂಡಿ ಮ್ಯಾಲಿನ ತೊಗರಿ ಬೇರು ಕೆಳಗ ಇಳಿಯಾಂಗಿಲ್ಲಲ್ರಿ. ಅಲ್ಲಿ ರಾಗಿ ಕುಡಿಯೂದೆಲ್ಲ ನಿಮ್ಮ ನೀರು. ನೀವಿಲ್ಲಂದ್ರ ಆ ಹೊಲ ಇಲ್ಲ."

"ನಂಗೆ ಕಮ್ಮಿ ಆಗ್ತದಾ?"

"ಒಂದು ತೊಟ್ಟೂ ಇಲ್ರಿ. ನಿಮ್ಮ ರಾಗಿ ಹೊಟ್ಟಿ ತುಂಬ ಕುಡದು, ಉಳದದ್ದಷ್ಟ ಹೋಗೂದು."

"ಉಳಿದಿದ್ದಾದ್ರೂ ನಂದೇ ಅಲ್ವಾ." ಹಂಸವೇಣಿ ನಕ್ಷೆಯಿಂದ ಕಣ್ಣು ತೆಗೆಯಲಿಲ್ಲ. "ಲಿಕಿತಂಗೆ ಇದು ಗೊತ್ತಾ?"

"ಮೊದಲನೇ ವರ್ಷದಾಗ ಹೇಳೇನಿ. ಯಾಕ್ರಿ?"

ಹಂಸವೇಣಿ ಖಾಲಿ ಹಾಲಿನ ಕ್ಯಾನು ಎತ್ತಿಕೊಂಡು ಇಳಿದಳು.

ಮನೆಯಲ್ಲಿ ಗಂಡ ಗುರುಮೂರ್ತಿ ಕುಡುಗೋಲಿಗೆ ಹಿಡಿ ಹಾಕುತ್ತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿ, ಹಿಡಿಯನ್ನು ಒಮ್ಮೆ ನೆಲಕ್ಕೆ ಕುಟ್ಟಿ, "ಹೋದ್ರೆ ಹೋಗ್ಲಿ ಬಿಡೆ. ನಮ್ದೇನ್ ಬತ್ತೋಯ್ತಾ," ಅಂದ.

"ಕೊಡೋಳು ನಾನು. ಹೆಸ್ರು ಅವ್ಳದು."

"ನೆಲದಡೀಲಿ ಕೊಡೋದ್ನ ಯಾರ್ ನೋಡ್ತಾರೆ?"

"ಅದೇ ನಾನೂ ಹೇಳ್ತಿರೋದು!"

ಗುರುಮೂರ್ತಿಗೆ ಅರ್ಥವಾಗಲಿಲ್ಲ. ಅಥವಾ ಅರ್ಥವಾಗಿಯೇ ಎದ್ದು ಹೋದ.

ಅವಳೂ ಎದ್ದಳು. ಮೂಲೆಯಲ್ಲಿ ಮೂರು ವರ್ಷದಿಂದ ಸುಮ್ಮನೆ ಒರಗಿದ್ದ ಗುದ್ದಲಿ ತೆಗೆದುಕೊಂಡು ಹೊಲಕ್ಕೆ ಹೋದಳು. ತನ್ನ ಹೊಲಕ್ಕೂ ಲಿಖಿತಳದಕ್ಕೂ ನಡುವೆ ಇದ್ದ ಬದುವಿನ ಈ ತುದಿಯಲ್ಲಿ ನಿಂತು ಸೆರಗು ಬಿಗಿದಳು. ಮೊದಲ ಏಟಿಗೇ ಗರಿಕೆ ಎದ್ದು ಬಂತು, ಅದರ ಬೇರಿನ ಕೆಳಗೆ ಬಿಳಿ ಎಳೆಗಳ ಜಾಲ, ಜೇಡ ಹೆಣೆದ ಹಾಗೆ, ಒದ್ದೆ ಒದ್ದೆ. ಒಂದು ಗಳಿಗೆ ಅವಳ ಕೈ ನಿಂತಿತು. ಆಚೆಯಿಂದ ಲಿಖಿತಳ ಫೋನಿನ ಹಾಡು ಕೇಳಿಸುತ್ತಿತ್ತು. ಹೊತ್ತು ಇಷ್ಟೇರಿದರೂ ಅವಳಿನ್ನೂ ಹೊಲಕ್ಕೆ ಇಳಿದಿರಲಿಲ್ಲ, ತೊಗರಿಯ ನೆರಳಲ್ಲಿ ಕೂತಿದ್ದಳು. ಬದುವಿನ ಆ ಮಗ್ಗುಲಲ್ಲಿ ಹುಲ್ಲು ಎದೆಯುದ್ದ. ಸೋಂಬೇರಿಯ ಬದು! ಅದೂ ಈಗ ವಿಜ್ಞಾನ ಆಗಿಬಿಟ್ಟಿದೆ!

ಕೈ ಮತ್ತೆ ಎದ್ದಿತು. ಮಧ್ಯಾಹ್ನದ ಹೊತ್ತಿಗೆ ಬದು ಈ ತುದಿಯಿಂದ ಆ ತುದಿಗೆ ಬೋಳಾಗಿ, ನುಣ್ಣಗೆ, ಕೆಂಪಗೆ ಹೊಳೆಯುತ್ತಿತ್ತು. ಎರಡೂ ಮೈ, ನೆತ್ತಿ, ಬುಡ. ದಾರಿಯಲ್ಲಿ ಹೋಗುವವರು ಯಾರೋ, "ಏನಕ್ಕ, ಕೆತ್ತಬಾರ್ದು ಅಂದಿದ್ರಲ್ಲ?" ಅಂದರು.

"ಹಬ್ಬ ಬಂತು. ಹುಲ್ಲೊಳಗೆ ಹಾವು ಸೇರ್ಕಂಡ್ರೆ ನಿಮ್ಮ ಡಾಕ್ಟ್ರು ಬಂದು ಹಿಡೀತಾಳಾ?"

ಹಬ್ಬ ಕಳೆಯಿತು, ಮಳೆ ಬರಲಿಲ್ಲ. ಬಿಸಿಲು ಒಂದೇ ಸಮ. ಒಂದು ಮಧ್ಯಾಹ್ನ ಹಂಸವೇಣಿ ಬದುವಿನ ಮೇಲೆ ನಿಂತು ನೋಡಿದಳು. ಲಿಖಿತಳ ರಾಗಿಯ ಗರಿಗಳು ಸುರುಳಿ ಸುತ್ತಿ ಸೂಜಿಯಂತಾಗಿದ್ದವು. ತನ್ನ ಹೊಲದ ಗರಿ ಅಗಲಕ್ಕೆ, ತಂಪಾಗಿ ಆಡುತ್ತಿತ್ತು. ಈಗ ದೂರದಿಂದಲೂ ಹೇಳಬಹುದಿತ್ತು, ಯಾವುದು ಯಾರದು ಅಂತ.

ಅವಳ ಎದೆಯೊಳಗೆ ತಂಗಾಳಿ ಬೀಸಿತು. ಸುಳ್ಳು ಹೇಳಬಾರದು, ಅದು ಸುಖವೇ. ಅವತ್ತು ಸಂಜೆ ಅವಳು ಹಾಡು ಗುನುಗುತ್ತಾ ಮುದ್ದೆ ತೊಳಸಿದಳು, ಅತ್ತೆಯ ತಟ್ಟೆಗೆ ಕೇಳದೆಯೇ ಎರಡು ಸಲ ತುಪ್ಪ ಬಿಟ್ಟಳು.

ಸ್ಪಂದನಮ್ಮ ತುಪ್ಪ ನೋಡಿದಳು, ಸೊಸೆಯ ಮುಖ ನೋಡಿದಳು. "ಏನ್ ವಿಶೇಷ?"

"ಏನಿಲ್ಲ. ತಿನ್ನಿ."

ಮಹಡಿಯ ಮೇಲೆ ನಕ್ಷೆಯಲ್ಲಿ ಒಂದು ಹೊಲ ಹಸಿರಿನಿಂದ ಹಳದಿಗೆ ತಿರುಗಿತ್ತು. ಅನ್ನಪೂರ್ಣ ಮೊದಲು ಮೊಳೆ ಕೆಟ್ಟಿದೆ ಅಂದುಕೊಂಡಳು, ಬದಲಾಯಿಸಿದಳು. ಆಮೇಲೆ ನೂಲಿಗೇ ರೋಗ ಬಂತೇನೋ ಅಂತ ಗಾಜಿನ ಬಟ್ಟಲುಗಳನ್ನೆಲ್ಲ ಒಂದೊಂದಾಗಿ ಬೆಳಕಿಗೆ ಹಿಡಿದಳು. ಆದರೆ ನೀಲಿ ಎಳೆಗಳು ಸೊರಗಿರಲಿಲ್ಲ. ಒಂದು ಗೆರೆಯ ತನಕ ಬಂದು ಗೋಡೆಗೆ ಹಣೆ ಹಚ್ಚಿದಂತೆ ನಿಂತಿದ್ದವು. ಅವಳು ಚಪ್ಪಲಿ ಮೆಟ್ಟಿ ಹೊಲಕ್ಕೆ ಬಂದು ಆ ಗೆರೆ ಇದ್ದಲ್ಲಿ ನೋಡಿದಳು. ಬೋಳು ಬದು. ಅವಳು ಅದರ ಮೇಲೆಯೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು.

ಸಂಜೆ ಡೈರಿಯ ಜಗಲಿಯ ಮೇಲೆ ಊರು ಸೇರಿತು. ಹಂಸವೇಣಿ ಸೆರಗು ಹೊದ್ದು ಕಂಬಕ್ಕೆ ಒರಗಿದ್ದಳು. ಲಿಖಿತ ಎದುರು ಕಂಬಕ್ಕೆ. ಅನ್ನಪೂರ್ಣ ಬೈಯಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದಳು: ರಾಗಿ ಈಗ ಒಡೆಗೆ ಬಂದಿದೆ, ತೆನೆ ಇನ್ನೂ ಗರಿಯೊಳಗೇ ಇದೆ. ತೆನೆ ಬಿಚ್ಚುವ ಹೊತ್ತಿಗೆ ನೀರು ಸಿಕ್ಕರೆ ಕಾಳು ಕಟ್ಟುತ್ತದೆ. ಇಲ್ಲವಾದರೆ ಬಂಡೆಯ ಮೇಲಿನ ಹೊಲದಲ್ಲಿ ಈ ವರ್ಷ ಹುಲ್ಲಷ್ಟೇ.

"ಬದು ಕೆತ್ತೋದು ನಂಗೆ ಅತ್ತೆ ಕಲ್ಸಿದ್ದು," ಅಂದಳು ಹಂಸವೇಣಿ.

ಜಗಲಿಯ ತುದಿಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಸ್ಪಂದನಮ್ಮ ತಲೆ ಎತ್ತಲಿಲ್ಲ. "ನಾನು ಕಲ್ಸಿದ್ದು ಹುಲ್ಲು ಕೆತ್ತೋದು. ಹೊಟ್ಟೆ ಉರಿ ತೀರ್ಸ್ಕಳ್ಳಾದಲ್ಲ."

ಯಾರೋ ಕಿಸಕ್ಕನೆ ನಕ್ಕರು. ಹಂಸವೇಣಿಯ ಕಿವಿ ಕೆಂಪಾಯಿತು.

"ಮತ್ತೆ ಬೆಳ್ಸಕ್ಕಾಗಲ್ವಾ ಡಾಕ್ಟ್ರಮ್ಮ?" ಅಂತ ಗುರುಮೂರ್ತಿ ಕೇಳಿದ.

"ಬಟ್ಟಲದಾಗಿಂದು ಹಾಕಿದ್ರ ಹಬ್ಬೂದಕ್ಕ ಒಂದು ಹಂಗಾಮ ಬೇಕು. ಅಷ್ಟು ಹೊತ್ತಿಲ್ಲ. ಒಂದ ದಾರಿ ಐತಿ. ಹಂಸಕ್ಕನ ಹೊಲಕ್ಕ ಮೇಲ್ಗಡೆ ಇನ್ನೊಂದು ಬದು ಐತಲ್ರಿ, ಅದರಾಗ ಗರಿಕಿ ಹಂಗ ಐತಿ, ಅದರ ಬೇರಿನಾಗ ನೂಲೂ ಜೀವಂತ ಐತಿ. ಅದನ್ನ ಮಣ್ಣು ಸಮೇತ ಹೆಂಟಿ ಹೆಂಟಿ ಎಬ್ಬಿಸಿ ತಂದು, ಬೋಳು ಬದುವಿನ ಮ್ಯಾಲೆ ಒಂದಕ್ಕೊಂದು ತಾಕೂವಂಗ ಕೂಡಿಸಬೇಕು. ನಡುವ ಗೇಣಿನಷ್ಟೂ ಸಂದಿ ಬಿಡಬಾರದು. ಯಂತ್ರ ಹಚ್ಚಿದ್ರ ಮಣ್ಣು ಉದುರಿ ನೂಲು ಹರೀತಾವ. ಕೈಲೇ ಆಗಬೇಕು."

ನಾವು ಬರ್ತೀವಿ, ನಾವು ಬರ್ತೀವಿ ಅಂತ ನಾಲ್ಕಾರು ದನಿ ಎದ್ದವು. ಹಂಸವೇಣಿಗೆ ಅದು ಇನ್ನೂ ಹೆಚ್ಚು ಉರಿಯಿತು. ಲಿಖಿತಳ ಹೊಲಕ್ಕೆ ಇಷ್ಟು ಜನ!

"ಯಾರೂ ಮುಟ್ಬೇಡಿ," ಅಂದಳು. ದನಿ ಜೋರಾಗಿಯೇ ಬಂತು. "ಕೆತ್ತಿದೋಳು ನಾನು. ತೆನೆ ಬಿಚ್ಚೋ ಮುಂಚೆ ನಾನೇ ಹಾಕ್ಕೊಡ್ತೀನಿ. ಆಯ್ತಾ?"

"ಊರ ಮುಂದೆ ಅಂದಿದೀಯ," ಅಂದಳು ಸ್ಪಂದನಮ್ಮ.

"ಅಂದಿದೀನಿ."

ಲಿಖಿತ ಸಣ್ಣಗೆ ನಕ್ಕಂತಿತ್ತು. ಆ ನಗುವೊಂದು ಇಲ್ಲದಿದ್ದರೆ ಹಂಸವೇಣಿ ಮಾರನೆ ದಿನವೇ ಕೆಲಸ ಮುಗಿಸುತ್ತಿದ್ದಳು.

ಮಾರನೆ ದಿನ ಎಮ್ಮೆಗೆ ಮೈ ಸರಿಯಿರಲಿಲ್ಲ. ಅದರ ಮಾರನೆ ದಿನ ಸೊಂಟ ನೋವು. ಆಮೇಲೆ ತವರಿನವರು ಬರುತ್ತಾರೆಂದು ಮನೆ ಸಾರಿಸುವುದಿತ್ತು; ತವರಿನವರು ಬರಲಿಲ್ಲ. ಒಂದು ಬೆಳಿಗ್ಗೆ ಹೋಗಿ, ಮೇಲಿನ ಬದುವಿನಿಂದ ಒಂದಷ್ಟು ಹೆಂಟೆ ಎಬ್ಬಿಸಿ ತಂದು ಕೂರಿಸಿದಳು ಕೂಡ. ತಲೆ ಎತ್ತಿದರೆ ಆಚೆ ಲಿಖಿತ ಛತ್ರಿ ಹಿಡಿದು ಕೂತು ಇವಳನ್ನೇ ನೋಡುತ್ತಿದ್ದಳು, ಜಮೀನ್ದಾರಿಣಿಯಂತೆ. ಹಂಸವೇಣಿ ಹೆಂಟೆ ಹೊರುವ ಮಂಕರಿಯನ್ನು ಕವುಚಿ ಮನೆಗೆ ಬಂದಳು. ನಾನು ಅವಳ ಆಳಾ?

ದಿನಾ ಬೆಳಿಗ್ಗೆ ಹಾಲು ಹಾಕಲು ಹೋದಾಗ ಮಹಡಿಯ ಕಿಟಕಿಯಿಂದ ಅನ್ನಪೂರ್ಣ ಬಗ್ಗಿ ಕೇಳುವಳು, "ಇವತ್ತು, ಅಕ್ಕಾರ?" ಹಂಸವೇಣಿ, "ಇವತ್ತು, ಇವತ್ತು," ಅನ್ನುವಳು. ಬರಬರುತ್ತಾ ಅನ್ನಪೂರ್ಣ ಕೇಳುವುದು ಬಿಟ್ಟಳು. ಕಿಟಕಿಯಲ್ಲಿ ಸುಮ್ಮನೆ ನಿಲ್ಲುತ್ತಿದ್ದಳು. ಅವಳ ಹಿಂದಿನ ಗೋಡೆಯ ಮೇಲೆ ಒಂದು ಹೊಲ ಬಿಸ್ಕತ್ತಿನ ಬಣ್ಣಕ್ಕೆ ಬಂದಿತ್ತು.

ಹಂಸವೇಣಿಯ ಹೊಲದಲ್ಲಿ ಮೊದಲ ತೆನೆ ಮುಷ್ಟಿ ಬಿಚ್ಚಿದ ದಿನ, ಬೆಳಗ್ಗೆ ಬೆಳಗ್ಗೆಯೇ ಬಾಗಿಲಲ್ಲಿ ಲಿಖಿತ ನಿಂತಿದ್ದಳು. ಕಂಕುಳಲ್ಲಿ ಖಾಲಿ ಮೊರ.

"ರಾಗಿ ಬೇಕಿತ್ತಾ?" ಹಂಸವೇಣಿಯ ದನಿಯಲ್ಲಿ ಅವಳಿಗೇ ತಿಳಿಯದ ಹಾಗೆ ಹಳೆಯ ಬೆಲ್ಲ ಸೇರಿಕೊಂಡಿತು. "ಬಾ, ಕೂತ್ಕ. ಅಳೆದು ತರ್ತೀನಿ."

"ಈಗ ಬ್ಯಾಡಕ್ಕ. ಈಗ ಐತೆ. ಮುಂದಿನ ವರ್ಷಕ್ಕೆ." ಲಿಖಿತ ಮೊರವನ್ನು ಹೊಸ್ತಿಲ ಒಳಗೆ ಇಟ್ಟಳು. "ಹೆಂಗೂ ಬರ್ಬೇಕಾಗ್ತದಲ್ಲ, ಮೊರ ಇಲ್ಲೇ ಇರ್ಲಿ. ಪ್ರತಿ ಸಲ ಹೊತ್ಕಂಡು ಬರೋದ್ಯಾಕೆ."

ಹಂಸವೇಣಿ ಮೊರ ನೋಡಿದಳು.

"ಈಗ ಸಮಾಧಾನ ಆಯ್ತಾ ಅಕ್ಕ?"

ಕೊಂಕಿರಲಿಲ್ಲ ಆ ಮಾತಿನಲ್ಲಿ. ಊಟ ಆಯ್ತಾ ಅಂತ ಕೇಳಿದ ಹಾಗೆ ಕೇಳಿದಳು. ಹಂಸವೇಣಿ ಹೌದು ಅನ್ನಲು ಬಾಯಿ ತೆರೆದಳು. ಆ ತಂಗಾಳಿ ಎಲ್ಲಿ ಹೋಯಿತು ಅಂತ ಎದೆಯೊಳಗೆ ಹುಡುಕಿದಳು. ಒಲೆ ಆರಿಸಿದ ಮೇಲಿನ ಬೂದಿಯಂಥದೇನೋ ಇತ್ತು, ಅಷ್ಟೆ.

"ಇಲ್ಲ ಕಣೆ," ಅಂದಳು. "ಆಗ್ಲಿಲ್ಲ."

ಲಿಖಿತ ಹೊಸ್ತಿಲ ಮೇಲೆಯೇ ಕೂತಳು.

"ನೀರು ನಿಂದು ಅಂತ ನಂಗೆ ಗೊತ್ತಿತ್ತು," ಅಂದಳು. "ಆ ಮಲಾವಿ ಅಜ್ಜಿ ಕೇಳ್ದಾಗ ನಿನ್ ಹೆಸ್ರು ನಾಲಗೆ ತುದೀಗೆ ಬಂದಿತ್ತು. ಬೇಕಂತ್ಲೇ ನುಂಗಿದೆ."

"ಯಾಕೆ?"

"ನೀನು ಸೇರಿನ ಮೇಲೊಂದು ಹಿಡಿ ಹಾಕ್ತಿದ್ಯಲ್ಲ, ಅದಕ್ಕೆ. ಸೇರು ರಾಗಿ ತಿಂದ್ರೆ ಕರಗ್ತಿತ್ತು ಕಣಕ್ಕ. ಆ ಹಿಡಿ ಕರಗ್ತಿರ್ಲಿಲ್ಲ. ವರ್ಷವೆಲ್ಲಾ ನಿನ್ ಮುಂದೆ ತಲೆ ತಗ್ಗಿಸ್ಕಂಡು ಓಡಾಡ್ದೆ. ನೂಲವ್ವ ಕೊಡೋವಾಗ ಯಾರೂ ನಿಂತು ನೋಡ್ತಿರ್ಲಿಲ್ಲ. ನಿನ್ ಬದು ಕಂಡ್ರೂ ನಂಗೆ ಉರಿತಿತ್ತು. ಅತ್ತೆ ನಮ್ಮನೆಗ್ ಬಂದ್ರೆ ಹದಿನೈದು ದಿನಾನೂ ನಿನ್ ಬದುವಿಂದೇ ಪುರಾಣ. 'ಹಂಸನ ಬದು ಮೇಲೆ ಇರುವೆ ಜಾರ್ತದೆ.'"

"ಅಲ್ಲಿ ನನ್ನ ಹೊಗಳ್ತಾರಾ?"

"ಇಲ್ಲಿ ನನ್ನ ಹೊಗಳ್ತಾರಾ?"

ಒಳಗಿನಿಂದ ಸ್ಪಂದನಮ್ಮನ ಕೆಮ್ಮು ಕೇಳಿತು. ಇಬ್ಬರೂ ಆ ಕಡೆ ಒಮ್ಮೆ ಕೆಕ್ಕರಿಸಿ ನೋಡಿದರು.

ಹಂಸವೇಣಿ ಎದ್ದಳು. ಮೊರವನ್ನು ತೆಗೆದು ಲಿಖಿತಳ ಮಡಿಲಿಗೆ ಇಟ್ಟಳು, ಇಟ್ಟಳು ಅನ್ನುವುದಕ್ಕಿಂತ ಹಾಕಿದಳು ಅನ್ನಬೇಕು. "ಇದ್ನ ಮನೇಲಿಟ್ಟು ಬಾ. ಬರೋವಾಗ ಎರಡು ಕೊಡ ನೀರು ತಾ. ಬದು ನೆನೀಬೇಕು."

"ಹೆಂಟೆ ನಾನೂ ಹೊರ್ತೀನಿ."

"ಹೆಂಟೆ ಮುಟ್ಟಿದ್ರೆ ಕೈ ಮುರೀತೀನಿ. ಒಪ್ಕಂಡಿರೋಳು ನಾನು."

ಬಿಸಿಲೇರುವ ಮುಂಚೆ ಮೇಲಿನ ಬದುವಿನ ಗರಿಕೆ ತಂಪಾಗಿತ್ತು. ಹಂಸವೇಣಿ ಗುದ್ದಲಿಯನ್ನು ಈ ಸಲ ಅಡ್ಡಲಾಗಿ, ಹಲಸಿನ ತೊಳೆ ಬಿಡಿಸುವಷ್ಟು ನಿಧಾನವಾಗಿ ಇಳಿಸಿದಳು. ಸಾಲು ಹರಿಯದಂತೆ ಒಂದು ಹೆಂಟೆ ತೆಗೆದು ಒಂದು ಬಿಟ್ಟಳು. ಪ್ರತಿ ಹೆಂಟೆಯ ಬುಡದಲ್ಲಿ ಬಿಳಿ ಎಳೆ ನೇತಾಡುತ್ತಿತ್ತು. ಮಂಕರಿ ತಲೆಯ ಮೇಲಿಟ್ಟು, ಕತ್ತು ಅಲುಗದಂತೆ ನಡೆದು, ಕೆಳಗಿನ ಬದುವಿಗೆ ತಂದಳು. ಲಿಖಿತ ನೀರು ಹೊಯ್ದು ಕೆಸರು ಮಾಡಿಟ್ಟಿದ್ದಳು. ಹೆಂಟೆಯನ್ನು ಕೆಸರಿಗೆ ಕೂರಿಸುವುದು, ಹೆಗಲಿಗೆ ಹೆಗಲು ತಾಕಿಸುವುದು, ಅಂಗೈಯಲ್ಲಿ ಒತ್ತುವುದು. ಮತ್ತೆ ಹೋಗುವುದು.

"ಅಲ್ಲಿ ಸಂದಿ ಬಿಟ್ಟೆ ಅಕ್ಕ."

"ಕಾಣ್ತದೆ ನಂಗೂ."

"ಗೇಣಿಗಿಂತ ಜಾಸ್ತಿ ಐತೆ."

"ನಿನ್ ಗೇಣೋ ನನ್ ಗೇಣೋ? ಬಾಯ್ಮುಚ್ಕಂಡು ನೀರು ಹಾಕು."

ಮಧ್ಯಾಹ್ನ ಗುರುಮೂರ್ತಿ ಬುತ್ತಿ ತಂದು ಬದುವಿನ ತುದಿಯಲ್ಲಿಟ್ಟ. ಇಬ್ಬರ ಮುಖ ನೋಡಿ, ಬಂದ ದಾರಿಗೇ ತಿರುಗಿದ. ಉಣ್ಣುವಾಗ ಹಂಸವೇಣಿ ಉಪ್ಪಿನಕಾಯಿಯ ಹೋಳನ್ನು ಲಿಖಿತಳ ಕಡೆ ನೂಕಿದಳು. ಲಿಖಿತ ಅದನ್ನು ಅರ್ಧ ಮಾಡಿ ಅರ್ಧ ವಾಪಸು ನೂಕಿದಳು.

ಸಂಜೆಯ ಹೊತ್ತಿಗೆ ಬದು ಹಸಿರು ತೇಪೆ ಹಾಕಿದ ಕಂಬಳಿಯ ಹಾಗೆ ಕಂಡಿತು, ಒಂಚೂರೂ ನುಣುಪಿಲ್ಲ. ಹಂಸವೇಣಿಗೆ ಅದನ್ನು ನೋಡಿದರೆ ನಾಚಿಕೆ. ಇಂಥ ಬದು ಅವಳು ಜನ್ಮದಲ್ಲಿ ಕಟ್ಟಿರಲಿಲ್ಲ. ಇನ್ನು ಉಳಿದದ್ದು ಒಂದೇ ಹೆಂಟೆಯ ಜಾಗ, ಬದುವಿನ ಕೊನೆಯಲ್ಲಿ. ಮಂಕರಿಯಲ್ಲಿ ಒಂದೇ ಹೆಂಟೆ ಇತ್ತು.

ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತಳು. ಆಚೆ ಲಿಖಿತಳ ರಾಗಿ ಸೂಜಿ ಸೂಜಿಯಾಗಿ ನಿಂತಿತ್ತು, ಗರಿಯೊಳಗೆ ತೆನೆಗಳು ಉಬ್ಬಿಕೊಂಡು ಕಾದಿದ್ದವು. ವಾರದಲ್ಲಿ ಅದು ಅಗಲವಾಗಿ ಹಸಿರಾಗುತ್ತದೆ. ಯಾರದು ಯಾವುದು ಅಂತ ಮತ್ತೆ ಹೇಳಲಾಗುವುದಿಲ್ಲ. ಮತ್ತೆ ಯಾರಾದರೂ ಪರದೇಶದಿಂದ ಬರುತ್ತಾರೆ, ಆ ಹೊಲದಲ್ಲೇ ನಿಂತು ಬೆರಗಾಗುತ್ತಾರೆ. ಅತ್ತೆ ಗಂಟು ಹಿಡಿದು ಬಂದು ಬೆಣ್ಣೆಯ ಮಾತಾಡುತ್ತಾಳೆ. ಇದೆಲ್ಲ ನೆನೆದಾಗ ಹೊಟ್ಟೆಯಲ್ಲಿ ಅದೇ ಹಳೆಯ ಕಿಚ್ಚು ಮಿಣುಕ್ಕೆಂದಿತು. ಎಲ್ಲಿಗೂ ಹೋಗಿರಲಿಲ್ಲ ಅದು.

"ಏನಕ್ಕ, ನಿಂತೇ ಬಿಟ್ಟೆ?"

"ನಿನ್ ಕಂಡ್ರೆ ನಂಗೆ ಇನ್ನೂ ಆಗಲ್ಲ ಕಣೆ."

"ನಂಗೂ ನಿನ್ ಕಂಡ್ರೆ ಅಷ್ಟಕ್ಕಷ್ಟೇ. ನೀರು ಹಾಕ್ಲಾ?"

"ಹಾಕು."

ಲಿಖಿತ ಕೊಡ ಬಗ್ಗಿಸಿದಳು. ಹಂಸವೇಣಿ ಮಂಡಿಯೂರಿ ಹೆಂಟೆಯನ್ನು ಕೆಸರಿಗಿಳಿಸಿದಳು. ಒಂದು ಅಂಚು ಸರಿಯಾಗಿ ತಾಕಲಿಲ್ಲ. ಮತ್ತೆ ಎತ್ತಿ, ತನ್ನ ಹೊಲದ ಹಸಿ ಮಣ್ಣು ಒಂದಿಷ್ಟು ಕೆಳಗಿಟ್ಟು, ಅತ್ತಿತ್ತ ಸರಿಸಿ ಕೂರಿಸಿದಳು. ಸಂದಿಯಲ್ಲಿ ಕಿರುಬೆರಳು ಆಡಿಸಿ ನೋಡಿದಳು. ಬೆರಳು ಹೋಗಲಿಲ್ಲ. ಎದ್ದು ನಿಂತು, ಸೀರೆ ಮೇಲೆತ್ತಿ, ಹಿಮ್ಮಡಿಯಿಂದ ಗಟ್ಟಿಯಾಗಿ ಒತ್ತಿದಳು. ಕೆಸರು ಪಿಚ್ಚನೆ ಎರಡೂ ಕಡೆಗೆ ಬಂತು, ಹೆಂಟೆ ನಿಂತಿತು.

"ಹೋಗಿ ನಿಮ್ಮ ಡಾಕ್ಟ್ರಿಗೆ ಹೇಳು," ಅಂದಳು. "ಆಯ್ತು ಅಂತ."